ಕೆಂಪಿದ್ದಾಗ ಹಿಂದಿನಿಂದ ಹಾರ್ನ್ ಹೊಡೆಯೋರೇ, ಎಡಕ್ಕೆ ಎಲ್ಲ ಕಡೆ ಫ್ರೀ ಇಲ್ಲ!

ಮೈಸೂರಲ್ಲಿ ಕೆಂಪು ದೀಪಕ್ಕೆ ಎಡಬದಿಯಲ್ಲಿ ಗಾಡಿ ನಿಲ್ಲಿಸಿದರೆ ಅದೇ ತಪ್ಪು ಅನ್ನೋ ಹಾಗಾಗಿದೆ. ಹಿಂದಿನಿಂದ ಬಿಡದೆ ಹಾರ್ನ್, ಪಕ್ಕಕ್ಕೆ ಬಂದು ಕಣ್ಣು ಕೆಂಪಗೆ ಮಾಡೋದು, 'ಲೆಫ್ಟ್ ಫ್ರೀ ಕಣ್ರೀ, ಹೋಗ್ರೀ' ಅಂತ ಗದರೋದು. ಯಾರು ಹೇಳಿದ್ದು ನಿಮಗೆ?

ಕೆಂಪು ಅಂದರೆ ಎಡಕ್ಕೂ ಕೆಂಪೇ. ಎಡಕ್ಕೆ ಹಸಿರು ಬಾಣ ಉರಿಯುತ್ತಿರಬೇಕು, ಇಲ್ಲವೇ ಫ್ರೀ ಲೆಫ್ಟ್ ಅಂತ ಬೋರ್ಡ್ ಇರಬೇಕು, ಇಲ್ಲವೇ ಪೊಲೀಸರು ಕೈ ತೋರಿಸಿ ಬಿಡಬೇಕು. ಈ ಮೂರರಲ್ಲಿ ಒಂದೂ ಇಲ್ಲದಿದ್ದರೆ ಬಿಳಿ ಗೆರೆಯ ಹಿಂದೆಯೇ ನಿಲ್ಲಬೇಕು, ಝೀಬ್ರಾ ಪಟ್ಟೆಯ ಮೇಲಲ್ಲ. 2019ರ ತಿದ್ದುಪಡಿಯಾದ ಮೇಲೆ ಕೆಂಪು ದೀಪ ದಾಟುವುದು ಮೋಟಾರು ವಾಹನ ಕಾಯ್ದೆಯ 184ನೇ ಕಲಮಿನಡಿ ಅಪಾಯಕಾರಿ ಚಾಲನೆ. ಮೊದಲ ಸಲಕ್ಕೇ ಕನಿಷ್ಠ 1,000 ರೂಪಾಯಿ ದಂಡ ಅಥವಾ ಜೈಲು ಅಂತ ಅದರಲ್ಲಿದೆ. ಆ ದಂಡವನ್ನು ಹಾರ್ನ್ ಹೊಡೆದವರು ಕಟ್ಟಿಕೊಡ್ತಾರಾ?

ಫ್ರೀ ಲೆಫ್ಟ್ ಇದ್ದ ಕಡೆಯೂ ನುಗ್ಗೋ ಹಾಗಿಲ್ಲ. ಬಲಗಡೆಯಿಂದ ಹಸಿರಿನಲ್ಲಿ ಬರುವವರಿಗೆ ಮೊದಲ ದಾರಿ, ರಸ್ತೆ ದಾಟುತ್ತಿರುವವರಿಗೆ ಅದಕ್ಕೂ ಮೊದಲು. ಇನ್ನು ನೇರ ಹೋಗುವವರು ಅದೇ ಎಡದ ಪಥದಲ್ಲಿ ಅಡ್ಡ ನಿಂತು ದಾರಿ ಕಟ್ಟೋದು ಬೇರೆ! ನೇರ ಹೋಗೋದಾದರೆ ನಡುವೆ ನಿಲ್ಲಿ.

ಬೈಕಿನವರು ಇದನ್ನೊಂದು ದಯವಿಟ್ಟು ಕೇಳಿ. ಎಡಕ್ಕೆ ತಿರುಗುವ ಬಸ್ಸಿನ ಹಿಂದಿನ ಚಕ್ರ ಮುಂದಿನ ಚಕ್ರದ ಜಾಡಲ್ಲಿ ಬರಲ್ಲ, ಒಳಕ್ಕೆ, ಫುಟ್‌ಪಾತಿನ ಕಡೆಗೆ ಕತ್ತರಿಸಿಕೊಂಡು ಬರುತ್ತೆ. ಬಸ್ಸಿಗೂ ಫುಟ್‌ಪಾತಿಗೂ ನಡುವೆ ಕಾಣೋ ಆ ಸಂದಿ ತಿರುವಿನಲ್ಲಿ ಮುಚ್ಚಿಹೋಗುತ್ತೆ. ಅಲ್ಲಿ ನುಸುಳಿದವರು ಡ್ರೈವರ್ ಕಣ್ಣಿಗೆ ಬೀಳೋದೂ ಕಷ್ಟ. ಎರಡು ಸೆಕೆಂಡ್ ಉಳಿಸೋಕೆ ಜೀವ ಒಡ್ಡಬೇಡಿ.

ಬಲಕ್ಕೆ ತಿರುಗುವವರದ್ದು ಇನ್ನೊಂದು ಹಿಂಸೆ. ಬಾಣವಿಲ್ಲದ ದುಂಡು ಹಸಿರು ಬಂದರೆ ಎದುರಿನವರಿಗೂ ಹಸಿರು ಇರಬಹುದು. ನೇರ ಬರುವವರು ಹೋಗೋವರೆಗೆ ಕಾಯಬೇಕು. ಹಸಿರು ಬಾಣ ಇದ್ದರೆ ಮಾತ್ರ ಆ ಸರದಿ ನಿಮ್ಮದು. ಇಂಡಿಕೇಟರನ್ನು ತಿರುವಿಗೆ 30 ಮೀಟರ್ ಮೊದಲೇ ಹಾಕಿ, ತಿರುಗಿದ ಮೇಲೆ ಹಾಕಿ ಏನು ಪ್ರಯೋಜನ? ಜಯಚಾಮರಾಜ ಒಡೆಯರ್ ವೃತ್ತದಂಥ ದೊಡ್ಡ ಸುತ್ತುಗಳಲ್ಲಿ ಒಳಗೆ ಸುತ್ತುತ್ತಿರುವ, ಬಲಗಡೆಯಿಂದ ಬರುವ ಗಾಡಿಗೆ ದಾರಿ ಬಿಟ್ಟು ಒಳಗೆ ಸೇರಬೇಕು. ಹಳದಿ ಬಂದರೆ ನಿಲ್ಲೋದು; ಗೆರೆಗೆ ತೀರಾ ಹತ್ತಿರವಿದ್ದು, ಬ್ರೇಕ್ ಹಾಕಿದರೆ ಅಪಾಯ ಅನ್ನುವಾಗ ಮಾತ್ರ ದಾಟೋದು. ಇಲ್ಲಿ ಹಳದಿ ಕಂಡರೆ ಆಕ್ಸಿಲರೇಟರ್ ತಿರುಚ್ತಾರೆ!

ಫ್ರೀ ಲೆಫ್ಟ್ ಬೋರ್ಡ್ ಹಾಕಿಸುವವರಿಗೂ ಒಂದು ಮಾತು: ಮರದ ಕೊಂಬೆ, ಹುಟ್ಟುಹಬ್ಬದ ಫ್ಲೆಕ್ಸ್ ಹಿಂದೆ ಅಡಗಿದ ಬೋರ್ಡ್ ಯಾರಿಗೆ ಕಾಣಬೇಕು? ಕೊಂಬೆ ಕಡಿಸಿ, ಫ್ಲೆಕ್ಸ್ ತೆಗೆಸಿ, ರಸ್ತೆಯ ಮೇಲೆ ಮಾಸಿದ ಬಾಣಕ್ಕೆ ಮತ್ತೆ ಬಣ್ಣ ಹೊಡೆಸಿ.