ಕಡಲೆಗೆ ಒಂದು ರಾತ್ರಿ, ಸಾಲ್ಸಾಕ್ಕೆ ಹತ್ತು ನಿಮಿಷ

ಕಾಬೂಲಿ ಕಡಲೆಯ ಊಟ ಮಾಡಬೇಕೆಂಬ ಆಸೆ ಹುಟ್ಟಬೇಕಾದದ್ದು ಹಿಂದಿನ ರಾತ್ರಿ. ಆಸೆಗಳು ಹಾಗೆ ಮುಂದಾಲೋಚನೆಯಿಂದ ಹುಟ್ಟುವುದಿಲ್ಲವಾದ್ದರಿಂದ, ಸಂಜೆ ಆರು ಗಂಟೆಗೆ ಡಬ್ಬಿಯ ಮುಚ್ಚಳ ತೆಗೆದು, ಒಳಗೆ ಗಲಗಲ ಎನ್ನುವ ಒಣ ಕಾಳುಗಳನ್ನು ನೋಡಿ, ಮತ್ತೆ ಮುಚ್ಚಳ ಹಾಕಿ, ಬೇರೇನನ್ನೋ ಬೇಯಿಸಿ ಉಂಡ ಸಂಜೆಗಳು ನನ್ನ ಲೆಕ್ಕದಲ್ಲಿ ಬಹಳ ಇವೆ. ಕಡಲೆ 8ರಿಂದ 12 ಗಂಟೆ ನೆನೆಯಬೇಕು. ನೆನೆದಿದೆಯೇ ಎಂದು ತಿಳಿಯಲು ಒಂದು ಕಾಳನ್ನು ಚಾಕುವಿನಿಂದ ಎರಡು ಹೋಳು ಮಾಡಿ ನೋಡುವುದು ನನ್ನ ರೂಢಿ. ನಡುವೆ ಸುಣ್ಣದ ಚುಕ್ಕೆಯಂತೆ ಬಿಳಿಯ ಒಣ ಭಾಗ ಉಳಿದಿದ್ದರೆ ಅದು ಇನ್ನೂ ಒಪ್ಪಿಲ್ಲವೆಂದೇ ಅರ್ಥ. ಅಂಚಿನಿಂದ ನಡುವಿನವರೆಗೆ ಒಂದೇ ಬಣ್ಣವಿದ್ದರೆ ಒಲೆ ಹಚ್ಚಬಹುದು.

ಒಮ್ಮೆ ವೀಗನ್ ಗೆಳೆಯರೊಬ್ಬರು ರಾತ್ರಿಯ ಊಟಕ್ಕೆ ಬರುವವರಿದ್ದರು. ಮಾಂಸವನ್ನಷ್ಟೇ ಅಲ್ಲ, ಹಾಲು, ಮೊಸರು, ತುಪ್ಪ, ಜೇನುಗಳನ್ನೂ ಬಿಟ್ಟವರು ಅವರು. ಹೀಗೆ ಹಾಲನ್ನೂ ಬಿಟ್ಟವರಿಗೆ ಬೇರೆ ಹೆಸರೇ ಬೇಕೆಂದು 1944ರಲ್ಲಿ ಇಂಗ್ಲೆಂಡಿನ ಡೊನಾಲ್ಡ್ ವಾಟ್ಸನ್ ಮತ್ತು ಅವರ ಸಂಗಡಿಗರು ‘ವೀಗನ್’ ಎಂಬ ಪದವನ್ನು ಬಳಕೆಗೆ ತಂದರು. ಅಂದು ಕಡಲೆಯನ್ನು ಹಿಂದಿನ ರಾತ್ರಿಯೇ ನೆನೆಹಾಕಿದ್ದೆನಾದರೂ, ಉಳಿದ ಕೆಲಸದಲ್ಲಿ ಜಾಣತನ ತೋರಿಸಲು ಹೋಗಿ, ಒಂದೇ ಪಾತ್ರೆಯಲ್ಲಿ ಎಲ್ಲ ಮುಗಿದುಹೋಗಲಿ ಎಂದು ಕಡಲೆಯ ಜೊತೆಗೇ ನಾಲ್ಕು ಟೊಮ್ಯಾಟೊ ಹೆಚ್ಚಿ ಹಾಕಿ, ನಿಂಬೆಹಣ್ಣನ್ನೂ ಹಿಂಡಿ ಒಲೆಯ ಮೇಲಿಟ್ಟೆ. ಒಂದೂವರೆ ಗಂಟೆ ಕುದಿದರೂ ಕಾಳು ಹಲ್ಲಿಗೆ ಎದುರು ನಿಂತಿತ್ತು. ಕಾಳಿನ ಕೋಶಗಳನ್ನು ಒಂದಕ್ಕೊಂದು ಅಂಟಿಸಿ ಹಿಡಿದಿರುವ ಪೆಕ್ಟಿನ್ ಹುಳಿಯ ನೀರಿನಲ್ಲಿ ಸುಲಭವಾಗಿ ಕರಗುವುದಿಲ್ಲವೆಂಬುದನ್ನು ನಾನು ಕಲಿತದ್ದು ಹೀಗೆ. ‘ಕಬ್ಬಿಣದ ಕಡಲೆ’ ಎಂಬ ಮಾತನ್ನು ಮೊದಲು ಆಡಿದವರು ಖಂಡಿತವಾಗಿಯೂ ನನ್ನಂತೆ ಹುಳಿಯಲ್ಲಿ ಕಡಲೆ ಬೇಯಿಸಿದವರೇ ಇರಬೇಕು. ಅಡುಗೆ ಸೋಡಾ ಇದಕ್ಕೆ ತದ್ವಿರುದ್ಧವಾಗಿ ಕೆಲಸ ಮಾಡುತ್ತದೆ. ಒಂದು ಚಿಟಿಕೆ ಬಿದ್ದರೆ ಕಾಳು ಬೇಗ ಮೆತ್ತಗಾಗುತ್ತದೆ, ಎರಡು ಚಿಟಿಕೆ ಹೆಚ್ಚಾದರೆ ಊಟಕ್ಕೆ ಸಾಬೂನಿನ ರುಚಿ ಬರುತ್ತದೆ.

ಅಂದಿನಿಂದ ನನ್ನ ಅಡುಗೆಯಲ್ಲಿ ಟೊಮ್ಯಾಟೊಗೆ ಕಡಲೆಯ ಪಾತ್ರೆಯೊಳಗೆ ಪ್ರವೇಶವಿಲ್ಲ. ಅದು ಪಕ್ಕದ ಬಟ್ಟಲಿನಲ್ಲಿ ಹಸಿಯಾಗಿಯೇ, ಹೆಚ್ಚಿದ ಹೋಳುಗಳ ಚಟ್ನಿಯಂಥ ಸಾಲ್ಸಾ ಆಗಿ ಕೂರುತ್ತದೆ. ಕಡಲೆ ಮೊದಲು ಬರೀ ನೀರಿನಲ್ಲಿ, ಎರಡು ಬೆರಳ ನಡುವೆ ಹಿಸುಕಿದರೆ ಹಿಟ್ಟಾಗುವಷ್ಟು ಬೇಯಬೇಕು. ಆಮೇಲೆ ಬಾಣಲೆಯಲ್ಲಿ ಎಣ್ಣೆ ಕಾಯಿಸಿ, ಜೀರಿಗೆ ಸಿಡಿಸಿ, ಈರುಳ್ಳಿಯನ್ನು ಅವಸರಪಡದೆ ಕಂದು ಬಣ್ಣಕ್ಕೆ ಹುರಿದು, ಜಜ್ಜಿದ ಬೆಳ್ಳುಳ್ಳಿಯನ್ನೂ ಮೆಣಸಿನಪುಡಿಯನ್ನೂ ಹಾಕಿ, ಪುಡಿ ಸೀಯುವ ಮೊದಲೇ ಕಡಲೆಯನ್ನು ಅದರ ಬೆಂದ ನೀರಿನೊಡನೆ ಸುರಿಯಬೇಕು. ಮೆಣಸಿನಪುಡಿ ಎಣ್ಣೆಗೆ ಬಿದ್ದಾಗ ಮೇಲೇಳುವ ಆ ಘಾಟಿಗೆ ಕೆಮ್ಮದೆ ನಿಂತವರನ್ನು ನಾನಿನ್ನೂ ಕಂಡಿಲ್ಲ. ಕೊನೆಗೆ ಒಂದು ಹಿಡಿ ಕಾಳನ್ನು ಸೌಟಿನ ಬೆನ್ನಿನಿಂದ ಹಿಸುಕಿಬಿಟ್ಟರೆ ಸಾರು ತಾನಾಗಿಯೇ ಗಟ್ಟಿಯಾಗುತ್ತದೆ, ಕೆನೆಯ ಹಂಗಿಲ್ಲ.

ಖಾರದ ವಿಷಯದಲ್ಲಿ ಮಾತ್ರ ವೀಗನ್ ಅಡುಗೆಯವರಿಗೆ ಒಂದು ಸಂಕಟವಿದೆ. ಮೆಣಸಿನಕಾಯಿಯ ಖಾರವಿರುವುದು ಬಹಳ ಜನ ನಂಬಿರುವಂತೆ ಬೀಜದಲ್ಲಲ್ಲ, ಬೀಜ ಅಂಟಿಕೊಂಡಿರುವ ಬಿಳಿಯ ತಿರುಳಿನಲ್ಲಿ. ಅಲ್ಲಿರುವ ಕ್ಯಾಪ್ಸೈಸಿನ್ ಎಂಬ ಖಾರದ ವಸ್ತು, ಬಾಯಿಯ ನರಗಳಲ್ಲಿ ಸುಡುಬಿಸಿಯನ್ನು ಗುರುತಿಸಲೆಂದೇ ಇರುವ ಗ್ರಾಹಕವನ್ನು (ರಿಸೆಪ್ಟರ್) ಕೆಣಕುತ್ತದೆ. ಆದ್ದರಿಂದಲೇ ತಣ್ಣಗಿನ ಮೆಣಸಿನಕಾಯಿ ಕಚ್ಚಿದರೂ ನಾಲಿಗೆ ಸುಟ್ಟಿತೆಂದು ಮಿದುಳು ಕೂಗುತ್ತದೆ. ಆ ಗ್ರಾಹಕವನ್ನು 1997ರಲ್ಲಿ ಗುರುತಿಸಿದ ವಿಜ್ಞಾನಿ ಡೇವಿಡ್ ಜೂಲಿಯಸ್ ಅವರಿಗೆ 2021ರ ನೊಬೆಲ್ ಬಹುಮಾನದಲ್ಲಿ ಪಾಲು ದೊರೆಯಿತು. ಈ ಖಾರ ನೀರಿನಲ್ಲಿ ಕರಗುವುದಿಲ್ಲ, ಎಷ್ಟು ಲೋಟ ಕುಡಿದರೂ ಬಾಯಿಯ ತುಂಬ ಹರಡುತ್ತದೆಯಷ್ಟೆ. ಅದನ್ನು ತೊಳೆದೊಯ್ಯಬಲ್ಲ ಹಾಲಿನ ಪ್ರೋಟೀನು ಈ ಮೇಜಿನ ಮೇಲೆ ಇರುವಂತಿಲ್ಲ. ಹಾಗಾಗಿ ಖಾರ ಹಾಕುವಾಗ ಕೈ ಮುಂದೆ ಹೋದ ದಿನ ಎರಡು ಚಮಚ ತೆಂಗಿನ ಹಾಲಿನ ಕೊಬ್ಬಿಗೂ, ಸಾಲ್ಸಾದ ತಂಪಿಗೂ ಶರಣಾಗುವುದು ನನ್ನ ದಾರಿ.

ಕಡಲೆ ತಾಳ್ಮೆ ಕೇಳಿದರೆ ಸಾಲ್ಸಾ ಅವಸರ ಕೇಳುತ್ತದೆ. ಸ್ಪ್ಯಾನಿಷ್‌ನಲ್ಲಿ ‘ಸಾಲ್ಸಾ’ ಎಂದರೆ ಬರೀ ಸಾಸ್. ಪದದ ಬೇರು ಲ್ಯಾಟಿನ್ನಿನಲ್ಲಿ ಉಪ್ಪು ಹಾಕಿದ್ದು ಎಂಬ ಅರ್ಥದ್ದು. ತಮಾಷೆಯೆಂದರೆ ಆ ಉಪ್ಪೇ ಅದರ ಶತ್ರು. ಗಟ್ಟಿ ಟೊಮ್ಯಾಟೊ ಹಣ್ಣು, ಈರುಳ್ಳಿ, ಹಸಿಮೆಣಸಿನಕಾಯಿ, ಕೊತ್ತಂಬರಿ ಸೊಪ್ಪುಗಳನ್ನು ಸಣ್ಣಗೆ ಹೆಚ್ಚಿ, ನಿಂಬೆರಸ ಬೆರೆಸಿ, ಉಪ್ಪು ಉದುರಿಸಿ ಇಟ್ಟ ಅರ್ಧ ಗಂಟೆಯಲ್ಲಿ ಉಪ್ಪು ಟೊಮ್ಯಾಟೊದ ನೀರನ್ನೆಲ್ಲ ಹೊರಗೆಳೆದು, ಹೋಳುಗಳು ಬಟ್ಟಲಿನಲ್ಲಿ ಈಜತೊಡಗುತ್ತವೆ. ತಟ್ಟೆ ಹಾಕುವ ಹತ್ತು ನಿಮಿಷ ಮೊದಲಷ್ಟೇ ಉಪ್ಪು ಹಾಕಬೇಕೆಂಬುದು ಆಗಿನಿಂದ ನನ್ನ ಕಟ್ಟುನಿಟ್ಟಿನ ನಿಯಮ.

ಅದೇ ಗೆಳೆಯರು ಎರಡನೆಯ ಬಾರಿ ಬಂದಾಗ ಕಡಲೆ ಬೆಣ್ಣೆಯಂತೆ ಬೆಂದಿತ್ತು. ಆದರೆ ಅವರು ತಲುಪಿದ್ದು ಒಂದು ಗಂಟೆ ತಡವಾಗಿ, ನಾನು ಉಪ್ಪು ಹಾಕಿದ್ದು ಅವರು ಬರುತ್ತೇನೆಂದು ಹೇಳಿದ ಹೊತ್ತಿಗೆ ಸರಿಯಾಗಿ. “ಸಾಲ್ಸಾ ನೀರಾಗಿಬಿಟ್ಟಿದೆ, ಮೇಲಿನ ಹೋಳನ್ನಷ್ಟೇ ಹಾಕಿಕೊಳ್ಳಿ” ಎಂದು ನಾನು ಸಂಕೋಚದಿಂದ ಹೇಳುತ್ತಿರುವಾಗಲೇ ಅವರು ಬಟ್ಟಲನ್ನು ಓರೆ ಮಾಡಿ, ತಳದಲ್ಲಿ ನಿಂತಿದ್ದ ಹುಳಿ, ಉಪ್ಪು, ಖಾರದ ಆ ತಿಳಿಗೆಂಪು ನೀರನ್ನಷ್ಟೇ ಬಿಸಿ ಕಡಲೆಯ ಮೇಲೆ ಸುರಿದುಕೊಂಡರು. ಒಂದು ತುತ್ತು ಉಂಡು, “ಇದನ್ನು ಯಾಕೆ ಇಷ್ಟು ಕಡಿಮೆ ಮಾಡಿದ್ದೀರಿ?” ಎಂದರು.