ಸತ್ಯಾಂಶ: ಸಿಂಧೂ ಲಿಪಿಯನ್ನು ಎಐ ಓದಿಲ್ಲ

"ಸಿಂಧೂ ಲಿಪಿಯನ್ನು ಎಐ ಪೂರ್ತಿ ಓದಿಬಿಟ್ಟಿದೆ, ಎಲ್ಲರಿಗೂ ಕಳಿಸಿ" ಅಂತ ಒಂದು ಸಂದೇಶ ನಮ್ಮ ಶಿರಸಿಯ ಗ್ರೂಪ್‌ಗಳಲ್ಲಿ ಓಡಾಡುತ್ತಿದೆ. ಇದು ನಿಜವಲ್ಲ. ಹರಪ್ಪ, ಮೊಹೆಂಜೊದಾರೊ ಮುದ್ರೆಗಳ ಮೇಲಿರುವ ಈ ಲಿಪಿಗೆ ಎಲ್ಲರೂ ಒಪ್ಪುವ ಓದು ಇನ್ನೂ ಸಿಕ್ಕಿಲ್ಲ. 2025ರ ಜನವರಿಯಲ್ಲಿ ತಮಿಳುನಾಡು ಮುಖ್ಯಮಂತ್ರಿ ಇದಕ್ಕೆ 10 ಲಕ್ಷ ಡಾಲರ್ ಬಹುಮಾನ ಘೋಷಿಸಿದ್ದೂ ಅದಕ್ಕೇ.

ಕಷ್ಟ ಎಲ್ಲಿದೆ? ಬನವಾಸಿಗೆ ಹೋದಾಗ ಮಧುಕೇಶ್ವರ ದೇವಸ್ಥಾನದ ನಾಗಶಿಲ್ಪ ನೋಡಿರುತ್ತೀರಿ, ಅಲ್ವಾ? ಅದರ ಮೇಲಿರುವುದು ಪ್ರಾಕೃತ ಭಾಷೆ, ಬ್ರಾಹ್ಮಿ ಲಿಪಿ. ಬ್ರಾಹ್ಮಿಯನ್ನು 1837ರಲ್ಲಿ ಇಂಗ್ಲಿಷ್ ವಿದ್ವಾಂಸ ಜೇಮ್ಸ್ ಪ್ರಿನ್ಸೆಪ್ ಬಿಡಿಸಿದಾಗ ಕಂಪ್ಯೂಟರ್ ಇರಲೇ ಇಲ್ಲ. ಸಾಂಚಿಯ ಚಿಕ್ಕ ಚಿಕ್ಕ ಬರಹಗಳ ಕೊನೆಗೆ ಅವೇ ಅಕ್ಷರಗಳು ಮತ್ತೆ ಮತ್ತೆ ಬರುತ್ತಿದ್ದವು, ಅದು 'ದಾನಂ' ಇರಬೇಕು ಅಂತ ಅವರು ಊಹಿಸಿದರು, ಭಾಷೆ ಗುರುತು ಸಿಗುವಂಥದ್ದಾಗಿದ್ದರಿಂದ ಊಹೆ ನಿಂತಿತು. ಸಿಂಧೂ ಬರಹಗಳಲ್ಲಿ ಸರಾಸರಿ ಐದೇ ಚಿಹ್ನೆ. ಭಾಷೆ ಯಾವುದೆಂದೇ ತಿಳಿದಿಲ್ಲ. ಗೊತ್ತಿರುವ ಇನ್ನೊಂದು ಲಿಪಿಯ ಜೊತೆ ಬರೆದದ್ದೂ ಸಿಕ್ಕಿಲ್ಲ.

ಹಾಗಂತ ಕಂಪ್ಯೂಟರ್ ಕೆಲಸ ಸಣ್ಣದಲ್ಲ. ಕ್ರಿ.ಶ. 79ರಲ್ಲಿ ವೆಸೂವಿಯಸ್ ಜ್ವಾಲಾಮುಖಿಗೆ ಸಿಕ್ಕಿ ಇದ್ದಿಲಾದ, ಇಟಲಿಯ ಹರ್ಕ್ಯುಲೇನಿಯಂ ಊರಿನ ಬರಹದ ಸುರುಳಿಗಳು ಬಿಚ್ಚಲು ಹೋದರೆ ಪುಡಿಯಾಗುತ್ತವೆ. ಅವನ್ನು ಬಿಚ್ಚದೆಯೇ ಎಕ್ಸ್‌ರೇ ಸ್ಕ್ಯಾನ್ ಮಾಡಿ, ಪರದೆಯ ಮೇಲೆ ಪದರ ಬಿಡಿಸಿ, ಶಾಯಿಯ ಗುರುತನ್ನು ಎಐನಿಂದ ಹುಡುಕಿಸಿದರು. 2023ರಲ್ಲಿ ಗ್ರೀಕಿನ 'ಪೊರ್ಫಿರಾಸ್' ಎಂಬ ಪದ ಕಾಣಿಸಿತು, ಅಂದರೆ ನೇರಳೆ ಬಣ್ಣ. ನನಗೆ ಈಗಲೂ ನೆನೆದರೆ ಮೈ ಜುಂ ಅನ್ನುತ್ತದೆ. ಆದರೆ ಎಐ ಅಕ್ಷರ ತೋರಿಸಿತು ಅಷ್ಟೇ, ಕೂತು ಓದಿದ್ದು ಗ್ರೀಕ್ ಬಲ್ಲ ವಿದ್ವಾಂಸರು.