ದೇವರ ಮರಕ್ಕೆ ಕೊಡಲಿ ಹಾಕುವವರು ಯಾರು?

ಸಿನಿಮಾದಲ್ಲಿ ದೇವರ ಮರದ ಶತ್ರು ಯಾವಾಗಲೂ ಹೊರಗಿನಿಂದಲೇ ಬರುತ್ತಾನೆ. ಗಣಿ ಕಂಪನಿ ಬರುತ್ತದೆ, ಬುಲ್ಡೋಜರ್ ಬರುತ್ತದೆ, ಯೂನಿಫಾರ್ಮ್ ಹಾಕಿದ ಅಧಿಕಾರಿ ಬರುತ್ತಾನೆ. ಊರವರು ಮರದ ಸುತ್ತ ನಿಲ್ಲುತ್ತಾರೆ. ಮರ ಉಳಿಯುತ್ತದೆ ಅಥವಾ ಉರುಳುತ್ತದೆ. ನಾವು ಕಣ್ಣೊರೆಸಿಕೊಂಡು ಥಿಯೇಟರ್‌ನಿಂದ ಹೊರಗೆ ಬರುತ್ತೇವೆ. ಆದರೆ ನಮ್ಮ ಕರಾವಳಿಯ ನಾಗಬನಗಳಲ್ಲಿ, ಅಂದರೆ ನಾಗನಿಗೆಂದು ಬಿಟ್ಟ ಕಾಡಿನ ತುಂಡುಗಳಲ್ಲಿ, ಮರ ಕಡಿಸುತ್ತಿರುವುದು ಹೊರಗಿನವರಲ್ಲ. ಅದೇ ಮರದ ಬುಡದಲ್ಲಿ ಕೈಮುಗಿಯುವ ನಾವು. ಅದೂ ಭಕ್ತಿಯಿಂದ, ಜೀರ್ಣೋದ್ಧಾರದ ಹೆಸರಿನಲ್ಲಿ, ಮನೆಮನೆಯಿಂದ ವಂತಿಗೆ ಎತ್ತಿ.

ಈ ಮಾತು ಕೆಲವರಿಗೆ ಬೇಸರ ತರಬಹುದು. ಆದರೂ ಹೇಳದೆ ಇರಲಾಗುತ್ತಿಲ್ಲ. ಸ್ವಲ್ಪ ಉದ್ದವಾಗುತ್ತದೆ, ಪುರುಸೊತ್ತು ಮಾಡಿಕೊಂಡು ಓದಿ.

ಜೇಮ್ಸ್ ಕ್ಯಾಮರೂನ್ ಅವರ ‘ಅವತಾರ್’ ಬಂದದ್ದು 2009ರ ಡಿಸೆಂಬರ್‌ನಲ್ಲಿ. ಪವಿತ್ರ ಮರವನ್ನು ಇಷ್ಟು ದೊಡ್ಡದಾಗಿ ಜಗತ್ತಿಗೆಲ್ಲ ತೋರಿಸಿದ ಸಿನಿಮಾ ಇನ್ನೊಂದಿಲ್ಲ ಅನಿಸುತ್ತದೆ. ಅಲ್ಲಿ ಇಡೀ ಕುಲವೇ ವಾಸವಾಗಿರುವ ಒಂದು ಮರ ಇದೆ. ಜಡೆಯ ತುದಿಯನ್ನು ಎಳೆಗಳಿಗೆ ಜೋಡಿಸಿದರೆ ಪೂರ್ವಜರ ದನಿ ಕೇಳಿಸುವ ಮರ ಇದೆ. ಏಯ್ವಾ ಎಂಬ ತಾಯಿಯನ್ನು ಎಲ್ಲರೂ ಸೇರಿ ಬೇಡಿಕೊಳ್ಳುವ, ರಾತ್ರಿ ಮಿನುಗುವ ಇನ್ನೊಂದು ಮರ ಇದೆ. ಕುಲದ ಮನೆಯಾದ ಆ ದೊಡ್ಡ ಮರ ಉರುಳಿದಾಗ ಯಾರಿಗಾದರೂ ಎದೆ ಝಲ್ ಅನ್ನದೆ ಇರದು. ನನಗೂ ಆ ದೃಶ್ಯ ಇಷ್ಟ.

ಆದರೆ ಆ ಸಿನಿಮಾದಲ್ಲಿ ನನ್ನನ್ನು ಕಾಡಿದ್ದು ಬೇರೆ ಒಂದು ಸಂಗತಿ. ಅದರಲ್ಲಿನ ಸಸ್ಯ ವಿಜ್ಞಾನಿ ಗ್ರೇಸ್ ಕಂಪನಿಯ ಯಜಮಾನನಿಗೆ ಒಂದು ವಿವರಣೆ ಕೊಡುತ್ತಾಳೆ. ಈ ಮರಗಳ ಬೇರುಗಳು ಒಂದಕ್ಕೊಂದು ಸಂಪರ್ಕದಲ್ಲಿವೆ, ಮನುಷ್ಯನ ಮೆದುಳಿಗಿಂತ ಜಾಸ್ತಿ ಸಂಪರ್ಕಗಳು ಇಲ್ಲಿವೆ ಅಂತ. ಅಂದರೆ ಮರ ಯಾಕೆ ದೇವರು ಎಂಬುದಕ್ಕೆ ವೈಜ್ಞಾನಿಕ ರುಜುವಾತು ಬೇಕಾಯಿತು. ಕೊನೆಯಲ್ಲಿ ಆ ಮರದ ಮುಂದೆ ನಾಯಕ ಬೇಡಿಕೊಂಡದ್ದೇ ತಡ, ಯುದ್ಧದ ಹೊತ್ತಿಗೆ ಕಾಡಿನ ಪ್ರಾಣಿಗಳೆಲ್ಲ ನುಗ್ಗಿ ಬಂದು ಅವನ ಪಾಳಯ ಸೇರುತ್ತವೆ. ಅಶ್ವತ್ಥ ಮರ ಸುತ್ತಿ ಬಂದು ಹೊಟ್ಟೆ ಮುಟ್ಟಿ ನೋಡಿಕೊಂಡಳಂತೆ ಎಂದು ನಮ್ಮಲ್ಲಿ ಗಾದೆ ಇದೆಯಲ್ಲ? ಸಿನಿಮಾದಲ್ಲಿ ಅವಳ ಆಸೆ ಅಲ್ಲೇ ಈಡೇರಿಬಿಡುತ್ತದೆ. ಕಥೆ ಮೂರು ಗಂಟೆಯೊಳಗೆ ಮುಗಿಯಬೇಕು, ಆದ್ದರಿಂದ ಮರ ಕೂಡಲೇ ಉತ್ತರ ಕೊಡಬೇಕು. ಮಿನುಗಬೇಕು, ದೊಡ್ಡದಾಗಿ ಕಾಣಬೇಕು.

ಧರ್ಮದ ಮರ ಹಾಗಲ್ಲ. ಅದು ಒಂದು ಉತ್ತರಕ್ಕೆ ಸಿಗುವುದೇ ಇಲ್ಲ. ಗೀತೆಯ ಹತ್ತನೇ ಅಧ್ಯಾಯದಲ್ಲಿ ಕೃಷ್ಣ ‘ಮರಗಳಲ್ಲಿ ನಾನು ಅಶ್ವತ್ಥ’ ಅನ್ನುತ್ತಾನೆ. ಹದಿನೈದನೇ ಅಧ್ಯಾಯಕ್ಕೆ ಬಂದರೆ ಬೇರು ಮೇಲೆ, ಕೊಂಬೆ ಕೆಳಗೆ ಇರುವ ಅಶ್ವತ್ಥವೊಂದನ್ನು ತೋರಿಸಿ, ಇದು ಸಂಸಾರ, ಇದನ್ನು ನಿರ್ಮೋಹದ ಆಯುಧದಿಂದ ಕಡಿದು ಹಾಕು ಅನ್ನುತ್ತಾನೆ. ಅದೇ ಪುಸ್ತಕ, ಅದೇ ಮರ. ಒಂದು ಕಡೆ ಅದೇ ದೇವರು, ಇನ್ನೊಂದು ಕಡೆ ಅದೇ ಬಂಧನ. ನನಗೆ ಇದು ತುಂಬ ಇಷ್ಟವಾದ ಜಾಗ. ಇದನ್ನು ಓದಿದವರು ಯಾರೂ ಊರಿನ ಅರಳಿ ಮರಕ್ಕೆ ಕೊಡಲಿ ಹಾಕಲಿಲ್ಲ. ಕಡಿಯಬೇಕಾದ ಮರ ಯಾವುದು, ನೀರೆರೆಯಬೇಕಾದ ಮರ ಯಾವುದು ಎಂದು ಜನರಿಗೆ ಗೊತ್ತಿತ್ತು.

ಬೌದ್ಧರ ಕಥೆ ಇನ್ನೂ ಚೆನ್ನಾಗಿದೆ. ಬುದ್ಧನ ಮೂರ್ತಿ ಮಾಡುವ ರೂಢಿ ಬರುವ ಮೊದಲು ಶಿಲ್ಪಿಗಳು ಒಂದು ಅರಳಿ ಮರ ಕೆತ್ತುತ್ತಿದ್ದರು, ಅದರ ಕೆಳಗೆ ಒಂದು ಖಾಲಿ ಪೀಠ. ಅಷ್ಟರಲ್ಲೇ ಬುದ್ಧ ಅಂತ ಎಲ್ಲರಿಗೂ ಅರ್ಥವಾಗುತ್ತಿತ್ತು. ಅಶೋಕನ ಮಗಳು ಸಂಘಮಿತ್ತೆ ಬೋಧಗಯೆಯ ಮರದ ಒಂದು ಕೊಂಬೆಯನ್ನು ಶ್ರೀಲಂಕಾಕ್ಕೆ ಒಯ್ದಳು ಎಂದು ಅಲ್ಲಿನ ಪರಂಪರೆ ಹೇಳುತ್ತದೆ. ಅನುರಾಧಪುರದಲ್ಲಿ ಆ ಮರ ಇವತ್ತಿಗೂ ಇದೆ. ಕೊಂಬೆಗಳು ಬಾಗದಂತೆ ಊರುಗೋಲು ಕೊಟ್ಟು ನಿಲ್ಲಿಸಿದ್ದಾರೆ. ಬೋಧಗಯೆಯ ಹಳೆಯ ಮರ 1876ರಲ್ಲಿ ಬಿದ್ದುಹೋಯಿತು. ಈಗ ಅಲ್ಲಿರುವುದು ಆಮೇಲೆ ಬ್ರಿಟಿಷ್ ಪುರಾತತ್ವಜ್ಞ ಅಲೆಕ್ಸಾಂಡರ್ ಕನ್ನಿಂಗ್‌ಹ್ಯಾಮ್ ನೆಡಿಸಿದ್ದು. ಮರ ಬಿದ್ದರೂ ಪೂಜೆ ನಿಲ್ಲಲಿಲ್ಲ, ಯಾಕೆಂದರೆ ಮತ್ತೆ ನೆಡುವವರು ಇದ್ದರು. ಎರಡು ಸಾವಿರ ವರ್ಷಕ್ಕೂ ಹೆಚ್ಚು ಕಾಲ ದಿನಾ ಯಾರೋ ಒಬ್ಬರು ಬುಡ ನೋಡಿ, ನೀರು ಹಾಕಿ, ಹುಳ ಬಿದ್ದಿದೆಯಾ ಎಂದು ಪರೀಕ್ಷಿಸಿದ್ದಾರೆ. ಪವಿತ್ರ ಅಂದರೆ ನನಗೆ ಕಾಣುವುದು ಈ ಕೆಲಸ. ಯಾವ ಸಿನಿಮಾಕ್ಕೂ ಇದನ್ನು ತೋರಿಸುವಷ್ಟು ತಾಳ್ಮೆ ಇಲ್ಲ.

ಹಳ್ಳಿ ಕಥೆಯ ಕನ್ನಡ ಸಿನಿಮಾಗಳಲ್ಲಿ ಮರ ಅಂದ ಕೂಡಲೇ ನೆನಪಾಗುವುದು ಪಂಚಾಯ್ತಿ ಕಟ್ಟೆ. ಗೌಡರು ಕಟ್ಟೆಯ ಮೇಲೆ, ತಪ್ಪು ಮಾಡಿದವನು ಕೆಳಗೆ. ಸಿನಿಮಾ ಇದನ್ನು ನ್ಯಾಯದ ಜಾಗ ಅಂತ ತೋರಿಸುತ್ತದೆ. ಆದರೆ ಎಷ್ಟೋ ಊರುಗಳಲ್ಲಿ ಅಶ್ವತ್ಥ ಕಟ್ಟೆ ಹತ್ತಲು ದಲಿತರಿಗೆ ಬಿಡುತ್ತಿರಲಿಲ್ಲ. ಮರದ ನೆರಳು ಎಲ್ಲರ ಮೇಲೂ ಬೀಳುತ್ತಿತ್ತು, ಕಟ್ಟೆಯ ಕಲ್ಲು ಮಾತ್ರ ಕೆಲವರದ್ದಾಗಿತ್ತು. ಮರದ ಬಗ್ಗೆ ಹೆಮ್ಮೆಯಿಂದ ಮಾತಾಡುವಾಗ ಇದನ್ನು ಮುಚ್ಚಿಡಬಾರದು.

ಹೊರಗಿನವರು ಬರುವುದೇ ಇಲ್ಲ ಎಂದು ನಾನು ಹೇಳುತ್ತಿಲ್ಲ. 1730ರಲ್ಲಿ ಜೋಧಪುರದ ರಾಜನ ಆಳುಗಳು ಖೇಜಡಲಿ ಎಂಬ ಹಳ್ಳಿಗೆ ಮರ ಕಡಿಯಲು ಬಂದಾಗ ಅಮೃತಾದೇವಿ ಮರ ತಬ್ಬಿಕೊಂಡು ಪ್ರಾಣ ಕೊಟ್ಟಳು. ಅವಳೂ ಸೇರಿ ಸತ್ತ ಬಿಷ್ಣೋಯಿಗಳು 363 ಮಂದಿ ಎಂದು ಆ ಸಮುದಾಯ ಇವತ್ತಿಗೂ ನೆನೆಯುತ್ತದೆ. ಅವರು ತಬ್ಬಿಕೊಂಡದ್ದು ಖೇಜ್ಡಿ ಮರ. ನಾವು ವಿಜಯದಶಮಿಗೆ ‘ಬಂಗಾರ’ ಅಂತ ಎಲೆ ಹಂಚುವ ಬನ್ನಿ, ಪಾಂಡವರು ಆಯುಧ ಬಚ್ಚಿಟ್ಟ ಶಮೀ ವೃಕ್ಷ, ಅದೇ. ಮರುಭೂಮಿಯಲ್ಲಿ ಅದರ ಕಾಯಿ ಪಲ್ಯಕ್ಕೆ, ಸೊಪ್ಪು ಆಡು ಒಂಟೆಗಳಿಗೆ. ಅದರ ಜೊತೆ ಬದುಕಿದವರಿಗೆ ಅದು ದೇವರು ಎಂದು ಯಾರೂ ಸಾಬೀತು ಮಾಡಿ ತೋರಿಸಬೇಕಿರಲಿಲ್ಲ. ಒಡಿಶಾದ ನಿಯಮಗಿರಿ ಬೆಟ್ಟವೂ ಹಾಗೆಯೇ. ‘ಅವತಾರ್’ ಬಂದ ಮೇಲೆ ಅಲ್ಲಿನ ಡೋಂಗ್ರಿಯಾ ಕೋಂಡ ಬುಡಕಟ್ಟಿನವರ ಪರವಾಗಿ ಕ್ಯಾಮರೂನ್‌ಗೆ ಮನವಿ ಹೋಗಿತ್ತು, ನಿಮ್ಮ ಕಥೆ ಇಲ್ಲಿ ನಿಜವಾಗಿ ನಡೆಯುತ್ತಿದೆ ಎಂದು. ಆದರೆ ಕೊನೆಗೆ ಆ ಬೆಟ್ಟ ಉಳಿದದ್ದು ಗ್ರಾಮಸಭೆಗಳಿಂದ. ಸುಪ್ರೀಂ ಕೋರ್ಟ್ ಹೇಳಿದ ಮೇಲೆ 2013ರಲ್ಲಿ 12 ಹಳ್ಳಿಗಳ ಜನ ಸಭೆ ಸೇರಿ, ಬಾಕ್ಸೈಟ್ ಗಣಿ ಬೇಡ, ಅದು ನಮ್ಮ ದೇವರು ನಿಯಮರಾಜನ ಜಾಗ ಅಂತ ಒಂದೊಂದಾಗಿ ನಿರ್ಣಯ ಮಾಡಿದರು.

ಈಗ ನಮ್ಮ ಮನೆ ಬಾಗಿಲಿಗೆ ಬರುತ್ತೇನೆ.

2022ರಲ್ಲಿ ‘ಕಾಂತಾರ’ ಬಂದಾಗ ತುಳುನಾಡಿನ ದೈವ, ಕಾಡು, ಭೂಮಿಯ ಜಗಳ ದೇಶಕ್ಕೆಲ್ಲ ಗೊತ್ತಾಯಿತು. ಆ ಸಿನಿಮಾದಲ್ಲಿ ನನಗೆ ಹಿಡಿಸಿದ್ದು, ಶತ್ರು ಅನ್ನಿಸಿಕೊಂಡ ಅರಣ್ಯಾಧಿಕಾರಿ ನಿಜವಾದ ಶತ್ರು ಅಲ್ಲ ಎಂಬುದು. ಬೆನ್ನು ತಟ್ಟುತ್ತಾ ಜೊತೆಗಿದ್ದ ಊರಿನ ಧಣಿಯೇ ಭೂಮಿಗೆ ಕಣ್ಣು ಹಾಕಿದ್ದವನು. ಸಿನಿಮಾ ಅಷ್ಟು ದೂರ ಬಂತು. ಇನ್ನೊಂದು ಹೆಜ್ಜೆ ಮುಂದೆ ಬಂದಿದ್ದರೆ ನಮ್ಮ ಕುಟುಂಬದ ವಾಟ್ಸಾಪ್ ಗ್ರೂಪ್‌ಗೆ ಬಂದು ನಿಲ್ಲುತ್ತಿತ್ತು.

ಹಳೆಯ ನಾಗಬನ ಹೇಗಿತ್ತು ಎಂದು ಈಗಿನ ಮಕ್ಕಳಿಗೆ ಹೇಳಬೇಕು. ಗದ್ದೆಯ ಬದಿಯಲ್ಲಿ ಎಲ್ಲೂ ಕತ್ತಿ ತಾಗದ ಒಂದು ತುಂಡು ಕಾಡು. ಹಲಸು, ಸುರಗಿ, ರೆಂಜೆ, ಪಾಲೆ, ಬೈನೆ, ಇವುಗಳಿಗೆಲ್ಲ ಸುತ್ತಿಕೊಂಡ ಬಳ್ಳಿಗಳು. ಮಧ್ಯಾಹ್ನ ಹನ್ನೆರಡಕ್ಕೂ ಒಳಗೆ ಮಬ್ಬು. ಕಾಲಿಟ್ಟರೆ ತರಗೆಲೆ ಮೆತ್ತಗೆ ಒಳಗೆ ಹೋಗುತ್ತಿತ್ತು. ನಾಗನ ಕಲ್ಲುಗಳು ನೇರವಾಗಿ ಕೂಡ ಇರುತ್ತಿರಲಿಲ್ಲ. ಬೇರು ಬೆಳೆದ ಹಾಗೆ ಒಂದು ಈ ಕಡೆ, ಒಂದು ಆ ಕಡೆ ವಾಲಿರುತ್ತಿತ್ತು. ಒಂದು ಕಲ್ಲನ್ನಂತೂ ಬೇರು ಅರ್ಧ ನುಂಗಿತ್ತು. ನಾಗನಿಗೆ ಮಾಡು ಕಟ್ಟುವುದಿಲ್ಲ, ಮರವೇ ಅವನಿಗೆ ಮಾಡು ಎನ್ನುತ್ತಿದ್ದರು ನಮ್ಮ ಅಜ್ಜಿ. ಒಣಗಿ ಬಿದ್ದ ಕೊಂಬೆಯನ್ನೂ ಒಲೆಗೆ ತರುವಂತಿರಲಿಲ್ಲ. ನಾಗರಪಂಚಮಿಗೆ ಹಾಲು, ಸೀಯಾಳ, ಅರಸಿನ ಹಿಡಿದು ಒಳಗೆ ಹೋಗುವುದು, ಪೂಜೆ ಮುಗಿಸಿ ಹಿಂದಿರುಗಿ ಬರುವುದು. ಉಳಿದ ದಿನ ಬನ ಅದರ ಪಾಡಿಗೆ ಅದು.

ಈಗ ನಮ್ಮ ಬನ ಹೀಗಿದೆ. ಸುತ್ತ ಕಾಂಪೌಂಡು. ಮಧ್ಯೆ ಗ್ರಾನೈಟ್ ಕಟ್ಟೆ. ನೆಲಕ್ಕೆ ಇಂಟರ್‌ಲಾಕ್. ಎದುರಿಗೆ ದೊಡ್ಡ ಕಮಾನು, ಅದರ ಮೇಲೆ ಬಣ್ಣದ ಲೈಟು, ದಾನಿಗಳ ಹೆಸರು. ಮರ ಅಂತ ಇರುವುದು ಒಂದು ರೆಂಜೆ, ಅದರ ಬುಡಕ್ಕೂ ಸಿಮೆಂಟು. ಬೇಸಿಗೆಯಲ್ಲಿ ನಾಗನ ಪೂಜೆಯಾದ ಆಶ್ಲೇಷಾ ಬಲಿ ಇಟ್ಟುಕೊಂಡರೆ ನೆಲ ಕಾದು ಕಾಲಿಡಲು ಆಗುವುದಿಲ್ಲ. ನೆರಳಿಗೆ ಶಾಮಿಯಾನ ತರಿಸಬೇಕು. ಮರಗಳಿದ್ದ ಜಾಗದಲ್ಲೇ ಬಾಡಿಗೆಯ ನೆರಳು ಹಾಕಿಸಿ ಪೂಜೆ ಮಾಡುವಾಗ ನನಗೆ ತುಂಬ ಸಂಕಟವಾಗುತ್ತದೆ.

ಮಾಡಿದವರು ಕೆಟ್ಟವರಲ್ಲ. ಅವರ ಕಾರಣಗಳು ನನಗೆ ಗೊತ್ತು. ಕುಟುಂಬದ ಅರ್ಧ ಜನ ಮುಂಬೈಯಲ್ಲಿ, ಉಳಿದವರು ಬೆಂಗಳೂರು, ದುಬೈ. ವರ್ಷಕ್ಕೆ ಒಮ್ಮೆ ಬರುವಾಗ ಕಾರು ನಿಲ್ಲಿಸಲು ಜಾಗ ಬೇಕು. ವಯಸ್ಸಾದವರಿಗೆ ಜಾರದ ನೆಲ ಬೇಕು. ತರಗೆಲೆ ಗುಡಿಸಲು ಜನ ಸಿಗುವುದಿಲ್ಲ. ಮನೆಯಲ್ಲಿ ಕಷ್ಟ ಬಂದಾಗ ಜ್ಯೋತಿಷಿಗಳಲ್ಲಿ ಪ್ರಶ್ನೆ ಇಡಿಸುತ್ತಾರೆ, ನಾಗನಿಗೆ ಸಮರ್ಪಕ ವ್ಯವಸ್ಥೆ ಆಗಿಲ್ಲ ಎಂದು ಕಂಡುಬರುತ್ತದೆ. ವ್ಯವಸ್ಥೆ ಅಂದ ಕೂಡಲೇ ನಮಗೆ ಹೊಳೆಯುವುದು ಸಿಮೆಂಟು. ಇದರಲ್ಲಿ ಸಿನಿಮಾದ ಪಾಲೂ ಇದೆ ಎಂದು ನನಗೆ ಗಟ್ಟಿಯಾಗಿ ಅನಿಸುತ್ತದೆ. ದೇವರಿರುವ ಜಾಗ ದೊಡ್ಡದಾಗಿ ಇರಬೇಕು, ಹೊಳೆಯಬೇಕು, ಫೋಟೋದಲ್ಲಿ ಚೆನ್ನಾಗಿ ಬರಬೇಕು ಅಂತ ನಮ್ಮ ಕಣ್ಣು ಕಲಿತುಬಿಟ್ಟಿದೆ. ಮಬ್ಬು, ಕೊಳೆತ ಎಲೆ, ವಾಲಿದ ಕಲ್ಲು ಈಗ ನಮಗೆ ಅನಾಥವಾಗಿ ಬಿದ್ದಂತೆ ಕಾಣುತ್ತವೆ.

ಅಲ್ಲಿ ನಿಜವಾದ ನಾಗರ ಹಾವು ಎಲ್ಲಿರಬೇಕು? ಇಂಟರ್‌ಲಾಕ್ ಕೆಳಗೆ ಬಿಲ ಇಲ್ಲ, ಹುತ್ತ ಇಲ್ಲ, ಹಿಡಿಯಲು ಕಪ್ಪೆಯೂ ಇಲ್ಲ. ಕಲ್ಲ ನಾಗರ, ದಿಟದ ನಾಗರ ಎಂದು ಬಸವಣ್ಣನವರು 12ನೇ ಶತಮಾನದಲ್ಲೇ ಹೇಳಿಬಿಟ್ಟಿದ್ದಾರೆ. ಅದಕ್ಕಿಂತ ಜಾಸ್ತಿ ನಾನೇನು ಹೇಳಲಿ.

ಪಾಲೆ ಮರದ ಮಾತು ಬಂದರೆ ತುಳುವರ ಆಟಿ ತಿಂಗಳ ಅಮಾವಾಸ್ಯೆ ನೆನಪಾಗುತ್ತದೆ, ಅವತ್ತು ಪಾಲೆಯ ಕಷಾಯ ಕುಡಿಯುವ ರೂಢಿ. ಬೆಳಕು ಹರಿಯುವ ಮೊದಲು ಹೋಗಿ ತೊಗಟೆ ತರಬೇಕು. ಕತ್ತಿ ಒಯ್ಯುವಂತಿಲ್ಲ, ಕಲ್ಲಿನಿಂದ ಜಜ್ಜಿಯೇ ತೆಗೆಯಬೇಕು. ಅರೆದು ರಸ ಹಿಂಡಿ, ಬೊಳ್ಳುಕಲ್ಲು ಎಂಬ ಬಿಳಿ ಕಲ್ಲು ಕಾಯಿಸಿ ಅದರಲ್ಲಿ ಅದ್ದಿ, ಬೆಳ್ಳುಳ್ಳಿ ಓಮದ ಒಗ್ಗರಣೆ ಕೊಟ್ಟು ಖಾಲಿ ಹೊಟ್ಟೆಗೆ ಕುಡಿಯಬೇಕು. ನಾಲಿಗೆ ಸೇದಿಹೋಗುವಷ್ಟು ಕಹಿ. ಆಮೇಲೆ ದೇಹ ತಂಪಾಗಲಿ ಎಂದು ಮೆಂತೆ ಗಂಜಿ. ಕತ್ತಿಯ ಬದಲು ಕಲ್ಲು ಯಾಕೆ ಎಂದು ಯಾರೂ ವಿವರಿಸುತ್ತಿರಲಿಲ್ಲ. ಆದರೆ ಒಂದು ಕಲ್ಲಿನಿಂದ ಎಷ್ಟು ತೊಗಟೆ ತೆಗೆಯಲು ಸಾಧ್ಯ? ಮನೆಗೆ ಬೇಕಾದಷ್ಟು ಸಿಗುತ್ತದೆ, ಮರ ಬದುಕುತ್ತದೆ. ಈಗ ಕಷಾಯ ಮಾಡಿ ಹಂಚುವ ಕಾರ್ಯಕ್ರಮಗಳಿವೆ, ಸಂತೋಷವೇ. ಆದರೆ ಮನೆ ಹತ್ತಿರ ಪಾಲೆ ಮರ ಎಲ್ಲಿದೆ ಎಂದು ನಮ್ಮ ಊರಿನ ಹುಡುಗರನ್ನು ಕೇಳಿದರೆ ಮುಖ ಮುಖ ನೋಡಿಕೊಳ್ಳುತ್ತಾರೆ.

ಸಿನಿಮಾ ಒಳ್ಳೆಯದನ್ನು ಮಾಡಲಾರದು ಎಂದು ಯಾರೂ ತಿಳಿಯಬೇಡಿ. ಜಪಾನಿನ ಹಯಾವೊ ಮಿಯಾಜಾಕಿ ಅವರ ಅನಿಮೇಷನ್ ಸಿನಿಮಾ ‘ಮೈ ನೇಬರ್ ಟೊಟೊರೊ’ 1988ರದ್ದು. ಅದರಲ್ಲಿ ಒಂದು ದೊಡ್ಡ ಕರ್ಪೂರದ ಮರ, ಬುಡಕ್ಕೆ ಪವಿತ್ರ ಹಗ್ಗ ಸುತ್ತಿದೆ. ಹೊಸದಾಗಿ ಊರಿಗೆ ಬಂದ ಅಪ್ಪ ತನ್ನ ಇಬ್ಬರು ಹೆಣ್ಣುಮಕ್ಕಳನ್ನು ಸಾಲಾಗಿ ನಿಲ್ಲಿಸಿ ಮರಕ್ಕೆ ತಲೆಬಾಗಿಸುತ್ತಾನೆ. ಅಷ್ಟೇ. ಯಾರೂ ಮರ ಕಡಿಯಲು ಬರುವುದಿಲ್ಲ, ಯುದ್ಧ ಇಲ್ಲ. ಆ ಸಿನಿಮಾದ ಹೆಸರಿನಲ್ಲಿ ಟೋಕಿಯೋ ಬಳಿಯ ಸಯಾಮಾ ಗುಡ್ಡಗಳಲ್ಲಿ ಜನ 1990ರ ದಶಕದಿಂದ ದೇಣಿಗೆ ಕೂಡಿಸಿ ತುಂಡು ತುಂಡಾಗಿ ಕಾಡು ಕೊಂಡು ಉಳಿಸುತ್ತಿದ್ದಾರೆ. ಅವರೂ ವಂತಿಗೆ ಎತ್ತಿದರು, ನಾವೂ ಎತ್ತಿದೆವು. ಅವರ ದುಡ್ಡು ಮರಕ್ಕೆ ಹೋಯಿತು.

ನಮ್ಮ ಬನದ ಕಾಂಪೌಂಡಿಗೆ ಈ ವರ್ಷ ಬಣ್ಣ ಹೊಡೆಸಬೇಕು ಅಂತ ಗ್ರೂಪ್‌ನಲ್ಲಿ ಲೆಕ್ಕ ಬಂದಿದೆ. ಕುಟುಂಬದ ಹಿರಿಯರಿಗೆ, ದೊಡ್ಡಪ್ಪಂದಿರಿಗೆ, ಮುಂಬೈಯ ಅಣ್ಣಂದಿರಿಗೆ ನನ್ನ ಕೋರಿಕೆ ಇಷ್ಟು. ಬಣ್ಣ ಒಂದು ವರ್ಷ ತಡವಾಗಲಿ. ಆ ದುಡ್ಡಿನಲ್ಲಿ ರೆಂಜೆಯ ಬುಡದ ಸಿಮೆಂಟು ಒಡೆಸೋಣ. ಹಿಂಬದಿಯ ಇಂಟರ್‌ಲಾಕ್ ತೆಗೆಸಿದರೆ ಹತ್ತು ಗಿಡ ಆರಾಮಾಗಿ ಹಿಡಿಯುತ್ತವೆ. ಕಾರು ಗದ್ದೆ ಬದಿಯಲ್ಲಿ ನಿಲ್ಲಿಸಿ ನಾಲ್ಕು ಹೆಜ್ಜೆ ನಡೆಯೋಣ, ಹಿರಿಯರನ್ನು ನಾವು ಕೈಹಿಡಿದು ಕರೆತರುತ್ತೇವೆ. ಸುರಗಿ, ಪಾಲೆ, ಹಲಸು, ಬೈನೆಯ ಸಸಿಗಳನ್ನು ನಾನು ಹೊಂದಿಸುತ್ತೇನೆ. ಮಳೆ ಹಿಡಿಯುವ ಮೊದಲು ಗುಂಡಿ ತೋಡಿ ಇಡಬೇಕು, ಅದಕ್ಕೆ ಎರಡು ಆಳು ಯಾರು ಕಳಿಸುತ್ತೀರಿ ಹೇಳಿ.